ಅಲ್ಲೇ ನಿಲ್ಲಪ್ಪಾ

"ಇನ್ನೂ ಮಾಸ್ಕ್ ಯಾಕ ಹಾಕ್ಕೋತೀರಿ ಟೀಚರ್? ಆ ಕೊರೊನಾ ಬ್ಯಾನಿ ಹೋಗಿ ಎಷ್ಟ್ ವರ್ಷ ಆತು!"

ಬಸ್ಸಿನಲ್ಲಿ ಕೇಳುತ್ತಾರೆ, ಕಿರಾಣಿ ಅಂಗಡಿಯಲ್ಲಿ ಕೇಳುತ್ತಾರೆ, ಮದುವೆ ಊಟಕ್ಕೆ ಕೂತಾಗ ಕೇಳುತ್ತಾರೆ. ಮೊದಮೊದಲು ಸಮಾಧಾನದಿಂದ ಉತ್ತರ ಹೇಳುತ್ತಿದ್ದೆ. ನನಗೆ ಸಕ್ಕರೆ ಕಾಯಿಲೆ ಇದೆ, ನಿಮಗೆ ಬಂದು ಹೋಗುವ ನೆಗಡಿ ನನ್ನನ್ನು ಆಸ್ಪತ್ರೆಗೆ ಹಾಕುತ್ತದೆ ಅಂತ. ಕೇಳಿದವರು ತಲೆ ಆಡಿಸಿ, ನನ್ನ ಮುಖದ ಮೇಲೇ ಒಂದು ಸಲ ಕೆಮ್ಮಿ, "ಹೌದ್ರಿ, ಹುಷಾರ್ ಇರ್ಬೇಕು" ಅನ್ನುತ್ತಿದ್ದರು. ಈಗ ನಾನು ಅಷ್ಟೆಲ್ಲ ಹೇಳುವುದಿಲ್ಲ. "ಮುಂದಿನ ಹಲ್ಲು ಬಿದ್ದಾವ್ರಿ" ಅಂದುಬಿಡುತ್ತೇನೆ. ತೆಲಂಗಾಣದ ಗಡಿಯ ನಾರಾಯಣಖೇಡದ ಹತ್ತಿರ ನಾನು ಕಲಿಸುವ ಕನ್ನಡ ಶಾಲೆಯ ಮಕ್ಕಳು ಹೇಗೂ ಹಾಗೇ ನಂಬಿಕೊಂಡಿವೆ.

ನನ್ನ ಹಾಗೆ ಸಕ್ಕರೆ ಕಾಯಿಲೆ ಇದ್ದು, ಕೆಮ್ಮಿದವರನ್ನು ಕಂಡರೆ ಪಕ್ಕಕ್ಕೆ ಸರಿದು, ಸರಿದಿದ್ದಕ್ಕೆ ಮಾತು ಕೇಳಿಸಿಕೊಂಡು ಮನೆಗೆ ಬಂದು ಸಿಟ್ಟಿನಲ್ಲಿ ಪಾತ್ರೆ ಕುಕ್ಕುವವರು ಇನ್ನೂ ಇದ್ದಾರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉಪದೇಶ ಮಾಡುವುದಕ್ಕಲ್ಲ. ಉಪದೇಶ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿವೆ.

ಸಕ್ಕರೆ ನನಗೆ ಹೊಸದಲ್ಲ. ಬಸುರಿಯಾಗಿದ್ದಾಗ ಒಮ್ಮೆ ಬಂದು ಹೋಗಿತ್ತು, ಕೆಲವು ವರ್ಷಗಳ ಮೇಲೆ ತಿರುಗಿ ಬಂದು ತಳವೂರಿತು. ಬೆಳಗ್ಗೆ ಗುಳಿಗೆ, ರಾತ್ರಿ ಗುಳಿಗೆ, ಅನ್ನ ಕಡಿಮೆ, ಜೋಳದ ರೊಟ್ಟಿ ಜಾಸ್ತಿ. ಹಬ್ಬದ ದಿನ ಹೋಳಿಗೆ ಕಂಡರೆ ಕಣ್ಣು ಆ ಕಡೆ ತಿರುಗಿಸುವುದು. ಇಷ್ಟೇ ಕಾಯಿಲೆ ಅಂದುಕೊಂಡಿದ್ದೆ. ಅದರ ಜೊತೆಗೆ ಒಂದು ವೈರಲ್ ಜ್ವರ ಸೇರಿದರೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ ಅಂದರೆ ಸುಳ್ಳಾದೀತು. ಡಾಕ್ಟರು ಹೇಳಿದ್ದರೇನೋ, ಆಗ ನನ್ನ ಕಣ್ಣು ಮುಂದಿನ ಬಸ್ಸಿನ ಟೈಮಿನ ಮೇಲಿತ್ತು.

ಎಲ್ಲ ಶುರುವಾದದ್ದು ದೊಡ್ಡವ್ವನ ಮಣ್ಣಿಗೆ ಹೋದಾಗ. ಅಪ್ಪನ ಅಣ್ಣನ ಹೆಂಡತಿ, ನಮ್ಮನ್ನೆಲ್ಲ ಎತ್ತಿ ಆಡಿಸಿದವಳು. ಝರಾಸಂಗಂ ಬಳಿಯ ನಮ್ಮ ಊರಿನಲ್ಲಿ ತೀರಿಕೊಂಡಳು. ನಮ್ಮ ಕಡೆ ಹೆಂಗಸರು ಸುಮ್ಮನೆ ನಿಂತು ಕಣ್ಣೀರು ಒರೆಸಿಕೊಂಡರೆ ಅದು ಅಳುವಲ್ಲ. ಬಂದವಳು ಬಾಗಿಲಲ್ಲೇ ದನಿ ತೆಗೆಯಬೇಕು, ಮನೆಯವಳ ಕೊರಳಿಗೆ ಬೀಳಬೇಕು, ಇಬ್ಬರೂ ಕೆನ್ನೆಗೆ ಕೆನ್ನೆ ಹಚ್ಚಿ ಸತ್ತವಳ ಗುಣ ಹೇಳಿ ಹೇಳಿ ಅಳಬೇಕು. ಒಬ್ಬಳನ್ನು ಬಿಟ್ಟು ಇನ್ನೊಬ್ಬಳ ಕೊರಳು. ಹೀಗೆ ಅಂಗಳದಲ್ಲಿ ಕೂತ ಪ್ರತಿಯೊಬ್ಬಳ ಕೊರಳೂ ಆಗಬೇಕು. ಯಾರದಾದರೂ ತಪ್ಪಿದರೆ ಅದು ವರ್ಷಗಟ್ಟಲೆ ನೆನಪಿರುತ್ತದೆ. ನನಗೂ ಆ ಅಳು ಬೇಕಾಗಿತ್ತು. ಇದನ್ನು ಯಾಕೆ ಹೇಳುತ್ತೇನೆಂದರೆ, ಪದ್ಧತಿ ಅಂದ ಕೂಡಲೇ ಮೂಗು ಮುರಿಯುವವರಲ್ಲಿ ನಾನಿಲ್ಲ. ದೊಡ್ಡವ್ವ ಹೋದ ದಿನ ಯಾರದಾದರೂ ಹೆಗಲು ಸಿಗದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು.

ನನ್ನ ತಂಗಿ ಸುಜಾತಾ ತಾಂಡೂರಿನಿಂದ ಬಂದಳು. ಬರುವಾಗಲೇ ಅವಳ ಮೂಗು ಕೆಂಪಗಿತ್ತು, ಮೈ ಬಿಸಿಯಿತ್ತು. ಅತ್ತು ಅತ್ತು ಹಾಗಾಗಿದೆ ಅಂದುಕೊಂಡೆ. ಅಕ್ಕಾ ಅಂತ ಬಂದು ಕೊರಳಿಗೆ ಬಿದ್ದವಳು ಬಹಳ ಹೊತ್ತು ಬಿಡಲಿಲ್ಲ. ಅವಳ ಕೆಮ್ಮು, ಅವಳ ಕಣ್ಣೀರು, ಮೂಗಿನ ನೀರು, ಎಲ್ಲ ನನ್ನ ಹೆಗಲ ಮೇಲೇ ಆಯಿತು.

ನಾರಾಯಣಖೇಡದ ಮನೆಗೆ ತಿರುಗಿ ಬಂದ ಎರಡು ದಿನದಲ್ಲಿ ನನಗೆ ಜ್ವರ ಬಂತು. ಮೈಕೈ ಎಲ್ಲ ಯಾರೋ ಒನಕೆಯಿಂದ ಕುಟ್ಟಿದ ಹಾಗೆ ನೋವು. ಬಾಯಿ ಕಹಿ, ಊಟ ಸೇರಲಿಲ್ಲ. ಆಗ ನಮ್ಮ ಮನೆಯಲ್ಲಿ ನಡೆದದ್ದು ಈ ಭಾಗದ ಎಲ್ಲ ಮನೆಗಳಲ್ಲೂ ನಡೆಯುವಂಥದ್ದೇ. ಅತ್ತೆ ನನ್ನ ಗುಳಿಗೆಯ ಡಬ್ಬಿಯನ್ನು ಎತ್ತಿ ಅಲಮಾರಿನ ಮೇಲಿಟ್ಟರು.

"ಹೊಟ್ಟ್ಯಾಗ ಕೂಳಿಲ್ಲ, ಅದರ ಮ್ಯಾಲ ಸಕ್ಕರಿ ಗುಳಗಿ ನುಂಗಿದರ ಹೊಟ್ಟಿ ಸುಡ್ತದ. ಮೊದಲ ಜರ ಇಳೀಲಿ, ಆಮ್ಯಾಲ ನುಂಗು."

ನನಗೂ ಅದು ಸರಿ ಅನ್ನಿಸಿತು. ಊಟವೇ ಇಲ್ಲದ ಮೇಲೆ ಸಕ್ಕರೆ ಎಲ್ಲಿಂದ ಏರುತ್ತದೆ? ಹತ್ತಿರದ ಡಾಕ್ಟರಿಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಅತ್ತೆ ಗುಳಿಗೆ ಬಿಡಿಸಿದ್ದಷ್ಟೇ ಅಲ್ಲ, ನಿತ್ರಾಣ ಆಗಬಾರದೆಂದು ಗ್ಲೂಕೋಸ್ ಪುಡಿ ಕದಡಿ ಕದಡಿ ಕುಡಿಸಿದರು. ಮಾತಾಡಿಸಲು ಬಂದವರು ಕೂಡ ಬರಿಗೈಯಲ್ಲಿ ಬರಲಿಲ್ಲ. ಎಳನೀರು, ಮೋಸಂಬಿ, ಬ್ರೆಡ್ಡು, ಬಿಸ್ಕತ್ತು. ಸಕ್ಕರೆ ಕಾಯಿಲೆಯವಳ ಮನೆಗೆ ಸಿಹಿ ಮೆರವಣಿಗೆಯಲ್ಲಿ ಬಂತು. ಬಂದವರೆಲ್ಲ ನನ್ನ ಮಂಚದ ಮೇಲೇ ಕೂತರು, ಹಣೆ ಮುಟ್ಟಿ ನೋಡಿದರು, "ಸುಡ್ಲಿಕ್ಕ ಹತ್ಯಾದ ನೋಡವ್ವ" ಅಂದರು, ಚಹಾ ಕುಡಿದು ಹೋದರು. ಅವರಲ್ಲಿ ಎಷ್ಟು ಜನ ನನ್ನ ಜ್ವರವನ್ನು ತಮ್ಮ ಮನೆಗೆ ಕಟ್ಟಿಕೊಂಡು ಹೋದರೋ ಯಾರಿಗೆ ಗೊತ್ತು.

ಆಮೇಲೆ ಬಾಯಾರಿಕೆ ಶುರುವಾಯಿತು. ಎಷ್ಟು ಕುಡಿದರೂ ಗಂಟಲು ಒಣಗುವುದು, ಮತ್ತೆ ಗ್ಲೂಕೋಸ್ ನೀರು. ವಾಂತಿಯಾಯಿತು. ಉಸಿರು ಎಳೆದರೆ ಎದೆಯ ಅರ್ಧಕ್ಕೇ ನಿಲ್ಲತೊಡಗಿತು. ನಮ್ಮ ಮನೆಯವರು ಕರೆಂಟ್ ಆಫೀಸಿನಲ್ಲಿದ್ದವರು ಓಡಿ ಬಂದು, ಗೆಳೆಯನ ಜೀಪಿನಲ್ಲಿ ನನ್ನನ್ನು ಜಹೀರಾಬಾದಿಗೆ ಹಾಕಿಕೊಂಡು ಹೋದರು. ದಾರಿಯುದ್ದಕ್ಕೂ ಅವರು "ಏನಾಗಂಗಿಲ್ಲ, ಏನಾಗಂಗಿಲ್ಲ" ಅನ್ನುತ್ತಲೇ ಇದ್ದರು. ಅವರ ದನಿ ಕೇಳಿಯೇ ನನಗೆ ಏನೋ ಆಗುತ್ತಿದೆ ಅನ್ನುವುದು ಖಾತ್ರಿಯಾಯಿತು.

ಆ ಖಾಸಗಿ ಆಸ್ಪತ್ರೆಯ ಹೊರಗಿನ ಹಾಲು ಈಗಲೂ ಕಣ್ಣ ಮುಂದಿದೆ. ಕುರ್ಚಿಗಳು ತುಂಬಿ ಜನ ಗೋಡೆಗೆ ಒರಗಿ ಕೂತಿದ್ದರು. ಎಲ್ಲರಿಗೂ ಒಂದೇ ಜ್ವರ, ಒಂದೇ ಕೆಮ್ಮು. ಫ್ಯಾನು ತಿರುಗುತ್ತಿತ್ತು, ಕಿಟಕಿ ಮುಚ್ಚಿತ್ತು. ನಮ್ಮ ಮನೆಯವರು ಚೀಟಿ ಹಿಡಿದು ನಿಂತಿದ್ದರು, ನಮ್ಮ ಸರದಿ ಬರುವ ಲಕ್ಷಣವೇ ಇರಲಿಲ್ಲ. ಬುರ್ಖಾ ತೊಟ್ಟ ಒಬ್ಬ ನರ್ಸಮ್ಮ ಆ ಕಡೆಯಿಂದ ಹಾದು ಹೋಗುವಾಗ ನನ್ನ ಉಸಿರು ನೋಡಿ ನಿಂತಳು. ಬೆರಳು ಚುಚ್ಚಿ ಸಕ್ಕರೆ ನೋಡಿದಳು. ನನ್ನ ಕೈಯಲ್ಲಿದ್ದ ಗ್ಲೂಕೋಸ್ ನೀರಿನ ಬಾಟಲಿ ಎತ್ತಿ ಮೂಸಿದಳು.

"ಶುಗರ್ ಹೈ ಆಪಕು, ಔರ್ ಗ್ಲೂಕೋಸ್ ಪೀರೇ?" ಅಂದಳು. ಸಕ್ಕರೆ ಇಟ್ಟುಕೊಂಡು ಗ್ಲೂಕೋಸ್ ಕುಡಿಯುತ್ತಿದ್ದೀರಾ ಅಂತ. ನಮ್ಮ ಮನೆಯವರು ಆ ಬಾಟಲಿಯನ್ನು ಅವಳ ಕೈಯಿಂದ ಇಸಿದುಕೊಂಡು ಬೆನ್ನ ಹಿಂದೆ ಅಡಗಿಸಿಕೊಂಡರು, ಶಾಲೆಯಲ್ಲಿ ಸಿಕ್ಕಿಬಿದ್ದವರ ಹಾಗೆ.

ಒಳಗೆ ಡಾಕ್ಟರಮ್ಮ ತೆಲುಗಿನಲ್ಲಿ ಗದರಿದರು. ಜ್ವರ ಬಂದಾಗ ಊಟ ಮಾಡದಿದ್ದರೂ ಸಕ್ಕರೆ ಏರುತ್ತದೆ, ಜ್ವರವೇ ಏರಿಸುತ್ತದೆ. ಕೆಲವು ಗುಳಿಗೆ ನಿಲ್ಲಿಸಬೇಕಾಗಬಹುದು, ಕೆಲವು ಬಿಡಲೇಬಾರದು, ಅದನ್ನು ತೀರ್ಮಾನಿಸುವುದು ನಿಮ್ಮ ಅತ್ತೆಯಲ್ಲ, ಫೋನು ಮಾಡಿ ನಮ್ಮನ್ನು ಕೇಳಬೇಕು. ನನಗೆ ಅವರ ಮಾತು ದೂರದಿಂದ ಕೇಳುತ್ತಿತ್ತು. ಎದೆಗೆ ನ್ಯುಮೋನಿಯಾ ಇಳಿದಿತ್ತು. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದರು, ಕೈಗೆ ಇನ್ಸುಲಿನ್ ಡ್ರಿಪ್ ಹಚ್ಚಿದರು.

ನನಗೆ ಭಯವಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಸಾಯುತ್ತೇನೆ ಅನ್ನಿಸಿತು. ಅದೂ ಹಾವು ಕಚ್ಚಿಯಲ್ಲ, ಬಸ್ಸು ಗುದ್ದಿಯಲ್ಲ, ತಂಗಿಯ ನೆಗಡಿಯಿಂದ. ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಪಕ್ಕದ ಮಂಚದಲ್ಲಿ ಕೊಹೀರ್ ಕಡೆಯ ಒಬ್ಬ ಅಜ್ಜಿ ಇದ್ದಳು. ಅವಳಿಗೂ ಅದೇ ಕೆಮ್ಮು. ಕೆಮ್ಮು ಬಂದಾಗಲೆಲ್ಲ ಆ ಅಜ್ಜಿ ಕಷ್ಟಪಟ್ಟು ಗೋಡೆ ಕಡೆ ಹೊರಳಿ, ಸೆರಗು ಬಾಯಿಗೆ ಇಟ್ಟುಕೊಂಡು ಕೆಮ್ಮುತ್ತಿದ್ದಳು. ಮುಗಿದ ಮೇಲೆ ನನ್ನ ಕಡೆ ತಿರುಗಿ, "ನಿಂಗ ಸಿಡೀಲಿಲ್ಲಲ್ಲ ಮಗಳ?" ಅಂತ ಕೇಳುತ್ತಿದ್ದಳು. ಆ ಇಡೀ ಕಾಯಿಲೆಯಲ್ಲಿ ನನಗೆ ಅಳು ಬಂದದ್ದು ಆ ಮಾತಿಗೆ.

ಆಸ್ಪತ್ರೆಗೂ ಜನ ಬಂದರು. ಜೀಪು ಮಾಡಿಕೊಂಡು ಬಂದರು. ಬಾಗಿಲಲ್ಲಿ ತಡೆದರೆ ಆಯಾಳ ಜೊತೆ ಜಗಳಕ್ಕೆ ನಿಂತು ಒಳಗೆ ಬಂದರು. ಬರದೇ ಇದ್ದವನು ಅಪ್ಪ ಒಬ್ಬನೇ. ಅವನಿಗೆ ಯಾರೂ ಖರೇ ಸಂಗತಿ ಹೇಳಿರಲಿಲ್ಲ. ವಯಸ್ಸಾಗಿದೆ, ಎದೆ ಹಿಡಿದುಕೊಂಡಾನು ಅಂತ ಸುಜಾತಾ, ನಮ್ಮ ಮನೆಯವರು ಸೇರಿ "ಸಾದಾ ಜರ, ನಾಳೆ ಮನಿಗೆ ಬರ್ತಾಳ" ಅಂತ ನಂಬಿಸಿದ್ದರು. ನಾನೂ ಒಪ್ಪಿದ್ದೆ. ಮನೆ ಮಂದಿಗೆ ಸುಳ್ಳು ಹೇಳುವುದನ್ನು ನಾವು ಪ್ರೀತಿ ಅಂದುಕೊಳ್ಳುತ್ತೇವೆ.

ಮನೆಗೆ ಬಂದೆ. ಡಾಕ್ಟರಮ್ಮ ಹೇಳಿ ಕಳಿಸಿದ್ದು ದೊಡ್ಡ ವಿಷಯವೇನಲ್ಲ. ಗುಳಿಗೆ ತಪ್ಪಿಸಬೇಡಿ, ಸಕ್ಕರೆ ನೋಡಿಕೊಳ್ಳಿ, ಕೈ ತೊಳೆಯಿರಿ, ಗುಂಪಿನಲ್ಲಿ ಮಾಸ್ಕ್ ಹಾಕಿ, ಫ್ಲೂ ಲಸಿಕೆ ಹಾಕಿಸಿಕೊಳ್ಳಿ, ಕೆಮ್ಮು ನೆಗಡಿ ಇದ್ದವರನ್ನು ಹತ್ತಿರ ಬಿಟ್ಟುಕೊಳ್ಳಬೇಡಿ. ಮೊದಲಿನವೆಲ್ಲ ನನ್ನ ಕೈಯಲ್ಲಿದ್ದವು, ಮಾಡಿದೆ. ಕೊನೆಯದು ನನ್ನ ಕೈಯಲ್ಲಿರಲಿಲ್ಲ.

"ಕೆಮ್ಮು ಇದ್ದವ್ರಿಗೆ ಆಮ್ಯಾಲ ಬರ್ರಿ ಅಂತ ಹೇಳ್ರಿ" ಅಂದೆ ನಮ್ಮ ಮನೆಯವರಿಗೆ.

"ಮನಿ ಬಾಗಿಲಿಗೆ ಬಂದವ್ರಿಗೆ ಹೆಂಗ ಹೇಳ್ಲಿ? ನನ್ನಿಂದ ಆಗಂಗಿಲ್ಲ ನೋಡು."

"ನಾ ಸತ್ತ ಮ್ಯಾಲ ಬರೋವ್ರಿಗೆ ಹೇಳ್ತೀರೇನು?"

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಒಳ್ಳೆಯ ಮನುಷ್ಯ. ಆಸ್ಪತ್ರೆಯಲ್ಲಿ ನನ್ನ ಕಾಲು ಒತ್ತಿದವರು, ನನ್ನ ವಾಂತಿ ಬಳಿದವರು. ಆದರೆ ಒಬ್ಬ ನೆಂಟನಿಗೆ ಬೇಡ ಅನ್ನುವುದು ಅವರಿಂದಾಗದು. ಹೀಗಾಗಿ ಆ ಕೆಲಸ ನನಗೇ ಬಂತು. ನಾನು ಹೇಳಿದೆ, ನಾನು ಕೆಟ್ಟವಳಾದೆ. ಊರಿನ ನಮ್ಮ ಕೇರಿಯಲ್ಲಿ ಮಾತು ಹಬ್ಬಿತು: "ನೌಕರಿ ಬಂದ ಮ್ಯಾಲ ಅಕಿ ಸಾಹುಕಾರ್ತಿ ಆಗ್ಯಾಳ. ನಮ್ಮನ್ನ ಹೊರಗ ನಿಲ್ಲಸ್ತಾಳಂತ." ಈ ಮಾತು ನನಗೆ ಎಲ್ಲಿ ನಾಟಿತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಲಸಿಕೆಯದೊಂದು ಬೇರೆಯೇ ಫಜೀತಿ. ನಾರಾಯಣಖೇಡದ ಔಷಧಿ ಅಂಗಡಿಯವನು "ಮಗು ಎಷ್ಟು ತಿಂಗಳದ್ದು?" ಅಂತ ಕೇಳಿದ. ನನಗೇ ಅಂದೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ದೊಡ್ಡವರಿಗೆ ಸೂಜಿ ಬರೋದಿಲ್ಲ ಅಂದ. ಜಹೀರಾಬಾದಿನಲ್ಲಿ ತರಿಸಿಕೊಡುತ್ತೇನೆ ಅಂದವನು ವಾರ ಕಳೆದರೂ ತರಿಸಲಿಲ್ಲ. ಕಡೆಗೆ ಸುಜಾತಾ ಫೋನು ಮಾಡಿ, ತಾಂಡೂರಿನಲ್ಲಿ ಒಬ್ಬ ಡಾಕ್ಟರ ಬಳಿ ಇದೆಯಂತೆ ಅಂದಳು. ನನಗೆ ಜ್ವರ ಕೊಟ್ಟವಳೇ ಲಸಿಕೆ ಹುಡುಕಿದಳು, ಅಷ್ಟರಮಟ್ಟಿಗೆ ಲೆಕ್ಕ ಸರಿಹೋಯಿತು.

ತುಂಬಿದ ಬಸ್ಸಿನಲ್ಲಿ ಕಿಟಕಿ ತೆರೆದು ಕೂತರೆ ಹಿಂದಿನವರು ಗಾಳಿ ಬರುತ್ತದೆ ಮುಚ್ಚಿ ಅಂದರು. ಮುಚ್ಚಿದರೆ ಪಕ್ಕದವಳ ಕೆಮ್ಮು. ತೆರೆಯುವುದು, ಮುಚ್ಚುವುದು, ಬೈಸಿಕೊಳ್ಳುವುದು, ಇದರಲ್ಲೇ ತಾಂಡೂರು ಬಂತು. ಡಾಕ್ಟರ ಕೋಣೆಯ ಮುಂದೆ ನೋಡಿದರೆ ಇಡೀ ಊರಿನ ಜ್ವರವೆಲ್ಲ ಅಲ್ಲೇ ಕೂತಿತ್ತು. ಜ್ವರ ಬಾರದಿರಲಿ ಅಂತ ಸೂಜಿ ಹಾಕಿಸಲು ಬಂದವಳು ಜ್ವರದವರ ನಡುವೆ ಕಾಯಬೇಕು! ನಾನು ಹೊರಗೆ ಬಂದು ನೆಲಕ್ಕೆ ಹಾಸಲು ತಂದು ಒಟ್ಟಿದ್ದ ಕಲ್ಲಿನ ಚಪ್ಪಡಿಗಳ ಮೇಲೆ ಬಿಸಿಲಿನಲ್ಲಿ ಕೂತೆ. ಸುಜಾತಾ ಬಾಗಿಲಲ್ಲಿ ನಿಂತು ನನ್ನ ಸರದಿ ಕಾದಳು. ಅವಳು ಆಗಾಗ ನನ್ನ ಕಡೆ ನೋಡುತ್ತಿದ್ದಳು, ಹತ್ತಿರ ಬರುತ್ತಿರಲಿಲ್ಲ. ಸೂಜಿಯಾದ ಮೇಲೆ, "ಅಕ್ಕಾ, ನಂದ ತಪ್ಪ ಏನು?" ಅಂದಳು. "ನಿಂದಲ್ಲ" ಅಂದೆ. ಅವಳದಲ್ಲ ಅನ್ನುವುದು ನನಗೆ ಗೊತ್ತಿತ್ತು. ಹಾಗಂತ ಸಿಟ್ಟು ಇಳಿಯಲಿಲ್ಲ.

ಇನ್ನು ಅಪ್ಪನ ವಿಷಯ.

ನಮ್ಮದು ಊರ ಹೊರಗಿನ ಕೇರಿ. ಅಪ್ಪ ಚಿಕ್ಕವನಿದ್ದಾಗ ಊರ ದೊಡ್ಡ ಮನೆಗಳಲ್ಲಿ ದುಡಿಯಲು ಹೋದರೆ ಅಂಗಳದ ಅಂಚಿನಲ್ಲೇ ನಿಲ್ಲಬೇಕಿತ್ತು. ನೀರು ಬೇಕೆಂದರೆ ಬೊಗಸೆ ಒಡ್ಡಬೇಕು, ಮೇಲಿನಿಂದ ಹೊಯ್ಯುತ್ತಿದ್ದರು. ಪ್ರಾಯಕ್ಕೆ ಬಂದ ಮೇಲೆ ಅವನು ಬುದ್ಧನ ದಾರಿಗೆ ಬಂದ. ಅವತ್ತೇ, ಇನ್ನು ಯಾವ ಮನೆಯ ಬಾಗಿಲಲ್ಲೂ ನಿಂತು "ಒಳಗ ಬರ್ಲೇನು" ಅಂತ ಕೇಳುವುದಿಲ್ಲ ಅಂದ. ಕರೆದರೆ ಹೋಗುತ್ತಿದ್ದ, ಇಲ್ಲವಾದರೆ ಇಲ್ಲ. ನನಗೆ ನೌಕರಿ ಸಿಕ್ಕು ನಾರಾಯಣಖೇಡದಲ್ಲಿ ಮನೆ ಮಾಡಿದ ಮೇಲೆ, ಬಂದರೆ ನೆಟ್ಟಗೆ ಅಡುಗೆಮನೆಗೇ ನಡೆದು, ಕೊಡದಿಂದ ತಾನೇ ನೀರು ತುಂಬಿಕೊಂಡು ಕುಡಿಯುತ್ತಿದ್ದ. ಬಾಯಾರಿಕೆ ಇದ್ದರೂ ಕುಡಿಯುತ್ತಿದ್ದ, ಇಲ್ಲದಿದ್ದರೂ ಕುಡಿಯುತ್ತಿದ್ದ.

ಅವತ್ತು ಭಾನುವಾರ ಮಧ್ಯಾಹ್ನ. ಮನೆಯಲ್ಲಿ ನಾನೊಬ್ಬಳೇ. ಗೇಟಿನ ಸದ್ದಿಗೂ ಮೊದಲು ಅಪ್ಪನ ಕೆಮ್ಮು ಕೇಳಿಸಿತು. ಎದೆಯೊಳಗಿಂದ ಎದ್ದು ಬರುವ ಕೆಮ್ಮು. ನಾನು ಬಾಗಿಲಿಗೆ ಬಂದೆ. ಅವನು ಮೆಟ್ಟಿಲ ಮೇಲೆ ಕಾಲಿಟ್ಟಿದ್ದ. ಆ ಆಸ್ಪತ್ರೆಯ ನಳಿಕೆ, ಆ ಅರ್ಧ ಉಸಿರು, ಎಲ್ಲ ಒಟ್ಟಿಗೆ ನೆನಪಾಗಿ ಬಾಯಿಂದ ಹೊರಟೇ ಹೋಯಿತು:

"ಅಲ್ಲೇ ನಿಲ್ಲಪ್ಪಾ!"

ಅವನು ನಿಂತ. ಕಾಲು ಹಿಂದಕ್ಕೆ ತೆಗೆದುಕೊಂಡ. ಬಿಸಿಲಲ್ಲಿ ಬಂದಿದ್ದಾನೆ ಅಂತ ನಾನು ಒಳಗೆ ಓಡಿ ಚೊಂಬಿನಲ್ಲಿ ನೀರು ತಂದು, ಹೊಸ್ತಿಲಿನಿಂದಲೇ ಕೈ ಚಾಚಿದೆ. ಆಗ ಅಪ್ಪ ಚೊಂಬನ್ನು ತೆಗೆದುಕೊಳ್ಳಲಿಲ್ಲ. ಸ್ವಲ್ಪ ಬಾಗಿ ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದ.

ಅವನು ನನ್ನನ್ನು ಚುಚ್ಚಬೇಕೆಂದು ಹಾಗೆ ಮಾಡಲಿಲ್ಲ. ಚುಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನಿಗೆ ಗೊತ್ತಾಗದೆಯೇ ಕೈ ಹಾಗೆ ಹೋಗಿದ್ದವು. ಈ ಹಾಳು ಕಾಯಿಲೆ ನನ್ನ ಬಾಯಿಂದ ಯಾರ ಮಾತನ್ನು ಆಡಿಸಿತು! ನಾನು ಚೊಂಬನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಒಳಗೆ ಹೋಗಿ ಮಾಸ್ಕ್ ಹಾಕಿಕೊಂಡೆ, ಇನ್ನೊಂದನ್ನು ಅವನಿಗೆ ತಂದುಕೊಟ್ಟೆ. ಎರಡು ಕುರ್ಚಿ ಎಳೆದು ಅಂಗಳದ ಬೇವಿನ ನೆರಳಿಗೆ ಹಾಕಿದೆ, ನಡುವೆ ಒಂದು ಮಂಚದಷ್ಟು ಜಾಗ ಬಿಟ್ಟು.

"ಕೂಡಪ್ಪಾ. ನಿಂಗ ಒಂದು ಹೇಳೋದದ."

ಎಲ್ಲ ಹೇಳಿದೆ. ಸಾದಾ ಜ್ವರವಲ್ಲ, ಉಸಿರು ನಿಂತಿತ್ತು, ಹೋಗೇ ಬಿಡುತ್ತೇನೆ ಅನ್ನಿಸಿತ್ತು ಅಂತ. ಕೇಳುತ್ತ ಕೇಳುತ್ತ ಅವನ ಮುಖ ಬಿರುಸಾಯಿತು.

"ಇಷ್ಟೆಲ್ಲ ಆಗ್ಯಾದ, ನಂಗ ಒಬ್ರೂ ಹೇಳಿಲ್ಲ? ನಾ ಏನು ಹೊರಗಿನಾಂವ ಏನು?"

"ನಿಂಗ ಎದಿ ನೋವು ಬರ್ತದ ಅಂತ..."

"ಎದಿಗೆ ಈಗ ಏನ್ ಕಡಿಮಿ ಆಗ್ಯಾದ?" ಅಂದ. ಆಮೇಲೆ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ಹೇಳಿದ, "ಕೇರ್ಯಾಗ ಮಂದಿ ಅಂದಾಗ ನಾ ಜಗಳಾಡಿದ್ದೆ. ನನ್ನ ಮಗಳು ಹಂಗ ಮಾಡಾಕಿ ಅಲ್ಲ ಅಂದಿದ್ದೆ. ಇವತ್ತ ನೀ ನಿಲ್ಲು ಅಂದ್ಯಲ್ಲ, ಕೈಕಾಲು ತಣ್ಣಗಾದ್ವು. ಆದ್ರ ಅವ್ರು ನಮ್ಮನ್ನ ನಿಲ್ಲಿಸಿ ತಾವು ಒಳಗ ಹೋಗ್ತಿದ್ರು. ನೀ ಹೊರಗ ಬಂದು ಕುಂತಿ."

ನನಗೆ ಎದ್ದು ಹೋಗಿ ಅವನ ಕೊರಳಿಗೆ ಬೀಳಬೇಕು ಅನ್ನಿಸಿತು. ಬೀಳಲಿಲ್ಲ. "ಮೂಗಿನ ಮ್ಯಾಲ ಹಾಕ್ಕೋ ಅದನ್ನ" ಅಂತ ಗದರಿದೆ. ಅವನು ಹಾಕಿಕೊಂಡ, ಮತ್ತೆ ಕೆಮ್ಮಿದ. ನಾನು ಕೂತಲ್ಲೇ ಕೂತು ಅತ್ತೆ. ಮಾಸ್ಕ್ ಒದ್ದೆಯಾಗಿ ಉಸಿರಾಡಲು ಬರದೆ ಅದಕ್ಕೂ ಸಿಟ್ಟು ಬಂತು.

ಇದಾಗಿ ವರ್ಷದ ಮೇಲಾಯಿತು. ಸಕ್ಕರೆ ಈಗ ಹತೋಟಿಯಲ್ಲಿದೆ. ಅತ್ತೆ ನನ್ನ ಗುಳಿಗೆ ಡಬ್ಬಿ ಮುಟ್ಟುವುದಿಲ್ಲ. ಸುಜಾತಾ ನೆಗಡಿ ಇದ್ದರೆ ಬರುವುದಿಲ್ಲ, ಫೋನಿನಲ್ಲೇ ಅಳುತ್ತಾಳೆ. ಮಂದಿ ಇನ್ನೂ ಮುಖದ ಮೇಲೆ ಕೆಮ್ಮುತ್ತಾರೆ, ಇನ್ನೂ ಮಾಸ್ಕ್ ಯಾಕೆ ಅಂತ ಕೇಳುತ್ತಾರೆ. ನನ್ನ ಸಿಟ್ಟೂ ಹಾಗೇ ಇದೆ.

ಅಪ್ಪ ಮಾತ್ರ ಒಂದು ಹೊಸ ಅಭ್ಯಾಸ ಮಾಡಿಕೊಂಡಿದ್ದಾನೆ. ಬಂದವನು ಗೇಟಿನ ಹೊರಗೇ ನಿಂತು ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ: "ಕೆಮ್ಮಿಲ್ಲ, ನೆಗಡಿ ಇಲ್ಲ. ಒಳಗ ಬರ್ಲೇನು?" ಯಾವ ಬಾಗಿಲಲ್ಲೂ ಕೇಳುವುದಿಲ್ಲ ಅಂದಿದ್ದ ಮನುಷ್ಯ ನನ್ನ ಬಾಗಿಲಲ್ಲಿ ಕೇಳುತ್ತಾನೆ. ಅವನು ಕೇಳಬೇಕು, ಕೇಳಿದರೇ ನಾನು ಉಳಿಯುವುದು. ಆದರೆ ಆ ಮಾತನ್ನು ಅವನ ಬಾಯಲ್ಲಿ ಕೇಳಿಸಿಕೊಳ್ಳುವುದು ನನ್ನಿಂದಾಗದು. ಅದಕ್ಕೆ ಗೇಟಿನ ಬಳಿ ಅವನ ಚಪ್ಪಲಿ ಸದ್ದಾದರೆ ಸಾಕು, ರೊಟ್ಟಿ ಹಂಚಿನ ಮೇಲಿದ್ದರೂ ಬಿಟ್ಟು, ಮಾಸ್ಕ್ ಏರಿಸಿಕೊಂಡು ಓಡುತ್ತೇನೆ, ಅವನು ಬಾಯಿ ತೆರೆಯುವ ಮೊದಲೇ ನಾನು ಹೊರಗೆ ಇರಬೇಕು ಅಂತ.